ಅತ್ತೆಯ ಹಂಡೆ, ಗಂಡನ ಕಾರು

"ನನ್ನ ಕಾರು ಇರೋವರ್ಗೂ ಈ ಮನೇಲಿ ಯಾರೂ ಸಾಯಲ್ಲ!"

ಸುಗಟೂರಿನ ಚಿಕ್ಕವೆಂಕಟಪ್ಪ ಜಗಲಿಯ ಮೇಲೆ ನಿಂತು, ಎದೆ ತಟ್ಟಿಕೊಂಡು ಹೀಗೆ ಸಾರಿದಾಗ ಯಮಧರ್ಮರಾಯ ಅದೇ ಬೀದಿಯಲ್ಲಿ ಕೋಣದ ಮೇಲೆ ಕೂತು ಬೇರೆ ಯಾರ ಮನೆಗೋ ಹೊರಟಿದ್ದಿರಬೇಕು. ಮಾತು ಕಿವಿಗೆ ಬಿತ್ತು. ಕೋಣವನ್ನು ಅಲ್ಲೇ ಕಟ್ಟಿಹಾಕಿದ.

ಹೊಸ್ತಿಲ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದ ಹೆಂಡತಿ ಕದಿರಮ್ಮ ಕೈಲಿದ್ದ ಕಾಯನ್ನು ಮೊರಕ್ಕೆ ಎಸೆದಳು. "ಬಿಡ್ತು ಅನ್ರೀ! ಅಂಥ ಮಾತು ಆಡಿದ್ರೆ ಅಸ್ತು ದೇವತೆಗಳು ಸುಮ್ನೆ ಇರ್ತಾರಾ?"

"ಅಸ್ತು ದೇವತೆ ಎದುರಿಗೆ ಬಂದ್ರೆ ಹಾರನ್ ಹೊಡೀತೀನಿ. ಪಕ್ಕಕ್ಕೆ ಸರೀತಾಳೆ!"

ಆ ಕಾರು ಚಿನ್ನದ ಗಣಿಯ ಒಬ್ಬ ದೊರೆಯದು. ಯುದ್ಧ ಶುರುವಾದಾಗ ಅವನು ಹಡಗು ಹತ್ತುವ ಅವಸರದಲ್ಲಿ ನಾಯಿ, ಗ್ರಾಮಫೋನು, ಕಾರು ಮೂರನ್ನೂ ಮಾರಿದ. ನಾಯಿ ಮತ್ತು ಗ್ರಾಮಫೋನು ಕೊಂಡವರು ಸುಖವಾಗಿದ್ದರು. ಕಾರು ಕೊಂಡವನು ಚಿಕ್ಕವೆಂಕಟಪ್ಪ. ಕೂಪನ್ನಿನ ಮೇಲೆ ಚಮಚದಲ್ಲಿ ಅಳೆದಂತೆ ಪೆಟ್ರೋಲು ಕೊಡುತ್ತಿದ್ದ ಕಾಲ. ತಿಂಗಳಲ್ಲಿ ಬಹುಪಾಲು ದಿನ ಅದು ಕೊಟ್ಟಿಗೆಯಲ್ಲಿ ಎಮ್ಮೆಯ ಪಕ್ಕ ನಿಂತು, ಎಮ್ಮೆಯಷ್ಟೂ ಉಪಯೋಗವಿಲ್ಲದೆ, ಎಮ್ಮೆಗಿಂತ ಹೆಚ್ಚು ಮೈ ಉಜ್ಜಿಸಿಕೊಳ್ಳುತ್ತಿತ್ತು.

ಸಾಯುವ ಮಾತು ಬಂದದ್ದು ಸುಮ್ಮನೆ ಅಲ್ಲ. ಚಿಕ್ಕವೆಂಕಟಪ್ಪನ ತಾಯಿ ದೊಡ್ಡವೆಂಕಟಮ್ಮನಿಗೆ ಕಾಲು ಊದಿಕೊಂಡಿತ್ತು. ಊತ ಮೊಣಕಾಲು ದಾಟಿ ಹೊಟ್ಟೆಗೆ ಏರಿತ್ತು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಹಗಲಿರುಳು ಗೋಡೆಗೆ ಒರಗಿ ಕೂತೇ ಇರುತ್ತಿದ್ದಳು. ನಾಟಿ ಔಷಧಿ, ತಾಯಿತ, ಹರಕೆ ಎಲ್ಲಾ ಮುಗಿದಿತ್ತು. ಉಳಿದದ್ದು ಕೋಲಾರದ ಆಸ್ಪತ್ರೆಯೊಂದೇ. ಆದರೆ ಮುದುಕಿ ಕಾರು ಹತ್ತಲು ಸುತರಾಂ ಒಪ್ಪಳು.

"ಮಲಗಿಸ್ಕೊಂಡು ಹೋಗೋದು ಚಟ್ಟ, ಕೂರಿಸ್ಕೊಂಡು ಹೋಗೋದು ಕಾರು. ಎರಡೂ ವಾಪಸ್ ಕರ್ಕೊಂಡ್ ಬರಲ್ಲ ಕಣೋ."

"ಅಮ್ಮಾ, ಅರ್ಧ ಗಂಟೇಲಿ ಕೋಲಾರ!"

"ಅರ್ಧ ಗಂಟೇಲಿ ಹೋಗಿ ಮಾಡೋ ಅಂಥ ಕೆಲಸ ನಂಗೇನೈತೆ? ಸಾಯೋದು ಇಲ್ಲೇ ಆಗುತ್ತೆ. ನಿನ್ನ ಆ ತಗಡು ಡಬ್ಬ ನಂಗೆ ಬೇಡ. ಸತ್ತ ಮೇಲೆ ನನ್ನ ತವರಿನ ಹಂಡೇಲಿ ನೀರು ಕಾಯಿಸಿ ಮೈ ತೊಳೀರಿ. ಅದೊಂದು ತಪ್ಪಿದ್ರೆ ಪಿಂಡಕ್ಕೆ ಕಾಗೆ ಬರಲ್ಲ, ಹೇಳಿರ್ತೀನಿ."

ಆ ಹಂಡೆ ಬಚ್ಚಲಿನ ಒಲೆಯ ಮೇಲೆ ಕೂತಿತ್ತು. ದಪ್ಪ ತಾಮ್ರದ್ದು, ಹೊರಗೆ ಅಂಗೈ ಮಂದ ಮಸಿ, ಒಳಗೆ ಹುಣಸೇಹಣ್ಣು ಹಾಕಿ ಉಜ್ಜಿದರೆ ಬೆಳಗಿನ ಸೂರ್ಯ. ದೊಡ್ಡವೆಂಕಟಮ್ಮ ಮುಳಬಾಗಿಲ ಕಡೆಯ ಹಳ್ಳಿಯಿಂದ ಮದುವೆಯಾಗಿ ಬಂದಾಗ ಇನ್ನೂ ಎಳೆಯ ಹುಡುಗಿ. ಗಾಡಿಯ ತುಂಬಾ ಪಾತ್ರೆ, ಮೂಟೆ, ಬಳಗ. ಹುಡುಗಿಗೆ ಜಾಗವಿಲ್ಲ. ಅವಳಪ್ಪ ಎತ್ತಿ ಹಂಡೆಯೊಳಗೆ ಕೂರಿಸಿದನಂತೆ! ಸುಗಟೂರಿನ ಜನ ಹೊಸ ಸೊಸೆಯನ್ನು ನೋಡಲು ಬಂದಾಗ ಕಂಡದ್ದು ಹಂಡೆಯ ಬಾಯಿಂದ ಮೇಲೆದ್ದ ಒಂದು ತಲೆ, ಎರಡು ಕಣ್ಣು, ಅಷ್ಟೇ. ಈ ಕಥೆಯನ್ನು ಮುದುಕಿ ಪ್ರತಿ ಹಬ್ಬದ ಸ್ನಾನದ ದಿನ ಹೇಳುತ್ತಿದ್ದಳು. ಬೇರೆ ಯಾರೂ ಆ ಹಂಡೆಯನ್ನು ಬೆಳಗುವಂತಿರಲಿಲ್ಲ. ಕದಿರಮ್ಮನಿಗೆ ನೀರು ತುಂಬುವ ಅಧಿಕಾರ ಮಾತ್ರ.

ಅಮ್ಮ ಬರದಿದ್ದರೇನು, ಅಮ್ಮನ ಕಾಯಿಲೆಯನ್ನಾದರೂ ಡಾಕ್ಟರಿಗೆ ಹೇಳಿ ಬರೋಣವೆಂದು ಚಿಕ್ಕವೆಂಕಟಪ್ಪ ಹೆಂಡತಿಯನ್ನು ಕೂರಿಸಿಕೊಂಡು ಕೋಲಾರಕ್ಕೆ ಹೋದ. ಡಾಕ್ಟರು ಎಲ್ಲಾ ಕೇಳಿ, ಕನ್ನಡಕ ಒರೆಸಿಕೊಂಡು ಹೇಳಿದರು: "ನೀರು ಇರಬಾರದ ಕಡೆ ನೀರು ಸೇರಿದೆ. ಸೂಜಿ ಹಾಕಿ ತೆಗೀಬೇಕು. ಬೇಗ ಕರ್ಕೊಂಡು ಬನ್ನಿ. ತಡ ಮಾಡಿದರೆ ನನ್ನ ಕೈಲಿಲ್ಲ."

"ನಾಳೆ ಬೆಳಿಗ್ಗೆ ಇಲ್ಲಿರ್ತಾಳೆ ಸಾರ್! ಕೈಕಾಲು ಕಟ್ಟಿಯಾದ್ರೂ ತರ್ತೀನಿ. ಹೊರಗೆ ನನ್ನ ಕಾರೈತೆ!"

ಹೊರಗೆ ಕಾರೇನೋ ಇತ್ತು. ಆದರೆ ವಾಪಸ್ಸು ಬರುವಾಗ ಅರ್ಧ ದಾರಿಯಲ್ಲಿ ಅದಕ್ಕೆ ಕೆಮ್ಮು ಹತ್ತಿತು. ಹಿಂದಿನ ಕೊಳವೆಯಿಂದ ಬೆಳ್ಳಗೆ ಹೊಗೆ. ಮುಂದಿನ ಮುಚ್ಚಳದಿಂದ ಬುಸ್ಸೆಂದು ಆವಿ. ಎತ್ತಿನ ಗಾಡಿಯೊಂದು ಅವರನ್ನು ಹಿಂದೆ ಹಾಕಿ ಹೋಯಿತು. ಗಾಡಿಯವನು ಶ್ರೀರಾಮಪ್ಪ, ಅದೇ ಊರಿನವನು, ಬಾಯಿಗೆ ಬೀಗವಿಲ್ಲದವನು.

"ಏನ್ ಚಿಕ್ಕೆಂಕಟಪ್ಪಾ, ಮೋಟಾರೊಳಗೆ ಮುದ್ದೆ ಬೇಯಿಸ್ತಿದ್ದೀಯಾ?"

"ನೀರು ಸೋರ್ತೈತೆ ಕಣೋ. ಎಲ್ಲಿಂದ ಅಂತ ಕಾಣ್ತಿಲ್ಲ."

"ಮಡಕೆ ಸೋರಿದ್ರೆ ಏನ್ ಮಾಡ್ತೀವಿ? ರಾಗಿಹಿಟ್ಟಿನ ಗಂಜಿ ಕುದಿಸ್ತೀವಿ. ಬಿರುಕಿಗೆ ಮೆತ್ಕೊಳುತ್ತೆ. ಮಡಕೆಗೊಂದು ನ್ಯಾಯ, ಮೋಟಾರಿಗೊಂದು ನ್ಯಾಯಾನಾ?"

ಚಿಕ್ಕವೆಂಕಟಪ್ಪನಿಗೆ ಇದು ವೇದವಾಕ್ಯದಂತೆ ಕೇಳಿಸಿತು. ಕೋಲಾರದ ಮಿಲ್ಲಿನಲ್ಲಿ ಬೀಸಿಸಿದ ರಾಗಿಹಿಟ್ಟು ಹಿಂದಿನ ಸೀಟಿನಲ್ಲೇ ಇತ್ತು. ಕದಿರಮ್ಮ ಚೀಲವನ್ನು ಅಪ್ಪಿ ಹಿಡಿದು, "ಬೇಡ ಕಣ್ರೀ, ಅದು ಮಡಕೆ ಅಲ್ಲ" ಎಂದಳು.

"ನೀನು ಓದಿರೋದೆಷ್ಟು?"

"ಓದಿಲ್ಲ. ಮುದ್ದೆ ತೊಳಸಿದ್ದೀನಿ. ರಾಗಿ ಬೆಂದ್ರೆ ಉಬ್ಬುತ್ತೆ."

ದಾರಿ ಬದಿಯ ಹಳ್ಳದ ನೀರಲ್ಲಿ ಕಲಸಿದ ಹಿಟ್ಟು ರೇಡಿಯೇಟರಿನ ಬಾಯಿಗೆ ಬಿತ್ತು. ಎರಡು ಫರ್ಲಾಂಗು ಕಾರು ಮದುವೆ ಗಂಡಿನಂತೆ ಗಂಭೀರವಾಗಿ ನಡೆಯಿತು. ಆಮೇಲೆ ಮುಚ್ಚಳ ಟಪ್ಪೆಂದು ಹಾರಿ, ಕಾರಿನ ಮೂತಿಯ ಮೇಲೆ, ಗಾಜಿನ ಮೇಲೆ, ಚಿಕ್ಕವೆಂಕಟಪ್ಪನ ಜರಿ ಪೇಟದ ಮೇಲೆ ಬಿಸಿಬಿಸಿ ಅಂಬಲಿ! ಎಲ್ಲಿದ್ದವೋ, ಊರನಾಯಿಗಳು ಓಡಿ ಬಂದು ಕಾರನ್ನು ನೆಕ್ಕತೊಡಗಿದವು.

ಕೊನೆಗೆ ಶ್ರೀರಾಮಪ್ಪನ ಎತ್ತುಗಳೇ ಕಾರನ್ನು ಊರಿಗೆ ಎಳೆದುಕೊಂಡು ಬಂದವು. ಜಗಲಿಯ ಕಿಟಕಿಯಿಂದ ದೊಡ್ಡವೆಂಕಟಮ್ಮ ಎಲ್ಲಾ ನೋಡಿದಳು. ನಗುವುದಕ್ಕೂ ಉಸಿರು ಸಾಲಲಿಲ್ಲ.

"ಎತ್ತಿನ ಗಾಡೀಲಿ ಆಸ್ಪತ್ರೆಗೆ ಹೋಗೋಣ ನಡೀರಿ, ಅತ್ತೆ" ಎಂದು ಕದಿರಮ್ಮ ಕೇಳಿಕೊಂಡಳು.

"ಈ ಹೊಟ್ಟೆ ಹೊತ್ಕೊಂಡು ಕುಲುಕಿದ್ರೆ ಕೆರೆ ಏರಿ ದಾಟೋಷ್ಟರಲ್ಲಿ ಪ್ರಾಣ ಹೋಗ್ತದೆ. ಸುಮ್ನಿರಮ್ಮ."

ಅದೂ ನಿಜವೇ. ಮುದುಕಿಯನ್ನು ಉಳಿಸಬೇಕೆಂದರೆ ಕಾರೇ ಆಗಬೇಕು. ಕಾರಿನೊಳಗೆ ಅಂಬಲಿ ಕಟ್ಟಿದೆ.

ಕೋಲಾರದಿಂದ ಮುನಿಶಾಮಿ ಮೇಸ್ತ್ರಿ ಬಂದ. ಮೂಗಿನ ತುದಿಗೆ ಗ್ರೀಸು, ಬಾಯಲ್ಲಿ ಅರ್ಧ ತೆಲುಗು. ಮೊದಲು ರೇಡಿಯೇಟರಿಗೆ ಕಡ್ಡಿ ಹಾಕಿ ಮುದ್ದೆ ಕೆರೆದು ತೆಗೆದ. "ಉಪ್ಪು ಕಮ್ಮಿ ಆಯ್ತು ಸ್ವಾಮಿ" ಎಂದ. ಆಮೇಲೆ ಅಡಿಯ ತಿರುಪು ಬಿಚ್ಚಿ ಎಂಜಿನ್ ಎಣ್ಣೆಯನ್ನು ಬೋಗುಣಿಗೆ ಬಿಟ್ಟ. ಕಪ್ಪಗಿರಬೇಕಾದ ಎಣ್ಣೆ ಹಾಲು ಬೆರೆಸಿದ ಕಾಫಿಯಂತೆ ನೊರೆನೊರೆಯಾಗಿ ಬಿತ್ತು.

ಮುನಿಶಾಮಿ ತಲೆ ಮೇಲೆ ಕೈ ಹೊತ್ತ. "ಅಯಿಪೋಯಿಂದಿ, ಮುಗೀತು! ನೀರು ಇರಬಾರದ ಕಡೆ ನೀರು ಸೇರೈತೆ."

ಕದಿರಮ್ಮ ಬೆಚ್ಚಿದಳು. ಡಾಕ್ಟರು ಹೇಳಿದ ಮಾತೇ! ಕನ್ನಡಕವೊಂದಿಲ್ಲ, ಅಷ್ಟೇ.

"ಕೆಳಗಡೆ ಬ್ಲಾಕು, ಮೇಲ್ಗಡೆ ಹೆಡ್ಡು" ಎಂದು ಮುನಿಶಾಮಿ ಎರಡು ಅಂಗೈ ಜೋಡಿಸಿ ತೋರಿಸಿದ. "ಎರಡರ ಮಧ್ಯೆ ತೆಳ್ಳಗೆ ಒಂದು ತಗಡಿರ್ತೈತೆ, ಹೆಡ್ ಗ್ಯಾಸ್ಕೆಟ್ಟು. ಬೆಂಕಿ ಬೆಂಕಿ ಕಡೆ, ನೀರು ನೀರಿನ ಕಡೆ, ಎಣ್ಣೆ ಎಣ್ಣೆ ಕಡೆ ಇರಂಗೆ ತಡ್ಕೊಳ್ಳೋದು ಅದರ ಕೆಲಸ. ಅತ್ತೆ ಸೊಸೆ ಮಧ್ಯೆ ಗಂಡ ಇದ್ದಂಗೆ. ಈಗ ಅದು ಸುಟ್ಟು ಹೋಗೈತೆ."

"ಅದು ನಮ್ಮನೇಲಿ ಯಾವಾಗಲೋ ಸುಟ್ಟು ಹೋಗಿದೆ" ಎಂದಳು ಕದಿರಮ್ಮ.

"ಲೇ, ಒಳಗೆ ಹೋಗೇ! ಹೊಸದು ಹಾಕು ಮುನಿಶಾಮಿ."

"ಹೊಸದಾ? ಬೆಂಗಳೂರಲ್ಲೇ ಇಲ್ಲ. ಎಲ್ಲಾ ಮಿಲಿಟ್ರಿಗೆ. ತಾಮ್ರದ ತಗಡು ಸಿಕ್ರೆ ಕೊಯ್ದು, ಕೆಂಪಗೆ ಕಾಯಿಸಿ ನೀರಿಗದ್ದಿ, ಮೆತ್ತಗೆ ಮಾಡಿ ಕೂರಿಸಬೋದು. ಆದ್ರೆ ತಾಮ್ರ ಎಲ್ಲಿ ತರ್ತೀರಿ? ಅದೂ ಯುದ್ಧಕ್ಕೆ ಹೋಗೈತೆ. ಇಷ್ಟು ಅಗಲ, ಇಷ್ಟು ಮಂದ ಇರಬೇಕು."

ಅವನು ಕೈಯಲ್ಲಿ ತೋರಿಸಿದ ಅಗಲವನ್ನೂ ಮಂದವನ್ನೂ ಚಿಕ್ಕವೆಂಕಟಪ್ಪ ತನ್ನ ಕೈಯಲ್ಲೂ ಹಿಡಿದು ನೋಡಿದ. ಆಮೇಲೆ ಅವನ ಕಣ್ಣು ಮೆಲ್ಲಗೆ ಬಚ್ಚಲಿನ ಕಡೆ ತಿರುಗಿತು. ಅಯ್ಯೋ, ಆಗಲೇ ಕದಿರಮ್ಮ ಆ ಕಣ್ಣನ್ನು ನೋಡಿದ್ದಿದ್ದರೆ! ಅವಳು ಒಳಗೆ ಅತ್ತೆಗೆ ಗಂಜಿ ಕುಡಿಸುತ್ತಿದ್ದಳು.

ಮರುದಿನ ಬೆಳಿಗ್ಗೆ ಕದಿರಮ್ಮ ಎಂದಿನಂತೆ ಬಚ್ಚಲ ಒಲೆಗೆ ಉರಿ ಹಾಕಿ, ಬಾವಿಯಿಂದ ಕೊಡ ಕೊಡ ನೀರು ತಂದು ಹಂಡೆಗೆ ಹೊಯ್ದಳು. ಎಷ್ಟು ಹೊಯ್ದರೂ ತುಂಬದು. ಇದೇನು, ಹಂಡೆಗೂ ದಾಹವೇ ಎಂದುಕೊಂಡು ಇನ್ನೊಂದು ಕೊಡ ಬಗ್ಗಿಸಿದಳು. ಒಲೆಯೊಳಗೆ ಸೊಂಯ್ ಎಂದಿತು. ಬೂದಿ, ಹೊಗೆ, ಆವಿ ಮುಖಕ್ಕೆ ರಾಚಿತು. ಕಣ್ಣುಜ್ಜಿಕೊಂಡು ಬಗ್ಗಿ ನೋಡಿದರೆ, ಗೋಡೆಯ ಕಡೆ ತಿರುಗಿಸಿ ಇಟ್ಟಿದ್ದ ಹಂಡೆಯ ಮಗ್ಗುಲಲ್ಲಿ ಕಿಟಕಿ! ಬೆಕ್ಕು ನುಗ್ಗಿ ಹೋಗುವಷ್ಟು, ಸೊಗಸಾಗಿ ಚೌಕ ಕೊಯ್ದ ಕಿಟಕಿ!

"ಏನೇ ಅದು ಸದ್ದು?" ನಡುಮನೆಯಿಂದ ಅತ್ತೆಯ ಕೂಗು.

"ಬೆಕ್ಕು ಅತ್ತೆ!"

"ಬೆಕ್ಕು ಸೊಂಯ್ ಅಂತದಾ?"

"ನೀರು ಬಿತ್ತು, ಅದರ ಮೇಲೆ!"

ಅವಳು ಕೊಟ್ಟಿಗೆಗೆ ಓಡಿದಳು. ಚಿಕ್ಕವೆಂಕಟಪ್ಪ ಎಮ್ಮೆಯ ಹಿಂದೆ ಬಚ್ಚಿಟ್ಟುಕೊಂಡಿದ್ದ. ಆ ಮನೆಯಲ್ಲಿ ಅಂದು ನಡೆದಷ್ಟು ದೊಡ್ಡ ಜಗಳ ಹಿಂದೆಂದೂ ನಡೆದಿರಲಿಲ್ಲ. ಅದೂ ಪೂರ್ತಿ ಪಿಸುಮಾತಿನಲ್ಲಿ.

"ಕೈ ಸೇದಿ ಹೋಗ! ಹೆತ್ತ ತಾಯಿ ಹಂಡೆಗೆ ಉಳಿ ಇಟ್ರಾ?"

"ಹೆತ್ತ ತಾಯಿ ಉಳೀಲಿ ಅಂತಾನೇ ಕಣೇ ಇಟ್ಟೆ! ಹಂಡೆ ಬೇಕೋ ಅಮ್ಮ ಬೇಕೋ?"

ಕದಿರಮ್ಮ ಅವನ ಮುಖ ನೋಡಿದಳು. ಅವನ ಕಣ್ಣಲ್ಲಿ ನೀರಿತ್ತು. ಇರಬೇಕಾದ ಕಡೆಯೇ ಇತ್ತು.

"ಅವರಿಗೆ ಗೊತ್ತಾದ್ರೆ?"

"ಸೂಜಿ ಹಾಕಿಸಿ ಊತ ಇಳಿಸ್ಕೊಂಡು ಬರಲಿ. ಆಮೇಲೆ ಬೈಯೋಕೆ ಉಸಿರಾದ್ರೂ ಇರುತ್ತೆ. ಹೊಟ್ಟೆ ತುಂಬ ಬೈಸ್ಕೋತೀನಿ."

ಅಂದಿನಿಂದ ಕದಿರಮ್ಮ ಮಡಕೆಗಳಲ್ಲಿ ನೀರು ಕಾಯಿಸಿ ಅತ್ತೆಗೆ ಮೈ ಒರೆಸಿದಳು.

"ಇದು ನನ್ನ ಹಂಡೆ ನೀರಲ್ಲ" ಎಂದಳು ಮುದುಕಿ.

"ನೀರಿಗೆ ಹೆಸರು ಬರೆದಿರುತ್ತಾ ಅತ್ತೆ?"

"ಮೈಗೆ ಗೊತ್ತಾಗ್ತದೆ. ಮಡಕೆ ನೀರು ಮೈಮೇಲೆ ನಿಲ್ಲಲ್ಲ, ಓಡೋಗ್ತದೆ."

ಒಂದು ಮಧ್ಯಾಹ್ನ ಕದಿರಮ್ಮ ಹೊಲದಿಂದ ಬಂದಾಗ ಅತ್ತೆ ಎಂದಿನಂತೆ ಗೋಡೆಗೆ ಒರಗಿ ಕೂತಿದ್ದಳು. ಉಸಿರು ಮಾತ್ರ ಎಂದಿಗಿಂತ ಹೆಚ್ಚಾಗಿ ಏದುತ್ತಿತ್ತು. ಬಲ ಅಂಗೈ ತುಂಬಾ ಮಸಿ.

"ಇದೇನತ್ತೆ ಕೈಗೆ?"

"ಹಲ್ಲುಪುಡಿ" ಎಂದಳು, ಬಾಯಲ್ಲಿ ಒಂದೂ ಹಲ್ಲಿಲ್ಲದ ದೊಡ್ಡವೆಂಕಟಮ್ಮ.

ಕದಿರಮ್ಮ ಸೆರಗಿನ ತುದಿಯಿಂದ ಆ ಕೈ ಒರೆಸಿದಳು.

ಮುನಿಶಾಮಿ ಗ್ಯಾಸ್ಕೆಟ್ಟನ್ನು ಕೂರಿಸಿ, ಬೋಲ್ಟುಗಳನ್ನು ಬಿಗಿದು, ಹ್ಯಾಂಡಲ್ ತಿರುಗಿಸಿದ. ಕಾರು ಗುರ್ ಎಂದಿತು. ಎಣ್ಣೆ ಕಪ್ಪಗಿತ್ತು, ಬಿಳಿ ಹೊಗೆ ನಿಂತಿತ್ತು. ಚಿಕ್ಕವೆಂಕಟಪ್ಪ ಕುಣಿದಾಡಿದ. ಇನ್ನು ಅಮ್ಮನನ್ನು ಒಪ್ಪಿಸುವುದೊಂದೇ ಬಾಕಿ. ಅಳು, ಆಣೆ, ಉಪವಾಸ ಎಲ್ಲಕ್ಕೂ ಸಿದ್ಧನಾಗಿ ಒಳಗೆ ಬಂದ.

"ಅಮ್ಮಾ..."

"ನಡಿ, ಹೋಗೋಣ."

"ಆಂ?"

"ಕಿವಿ ಕೇಳ್ಸಲ್ವಾ? ಎತ್ಕೊಂಡು ಹೋಗಿ ಕಾರಲ್ಲಿ ಕೂರಿಸು ಅಂದೆ."

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಇಬ್ಬರೂ ಸೇರಿ ಎತ್ತಿಕೊಂಡು ಹೋಗಿ ಮುಂದಿನ ಸೀಟಿನಲ್ಲಿ ಕೂರಿಸಿದರು. ಬೆನ್ನಿಗೆ ದಿಂಬು ಕೊಟ್ಟು ಕದಿರಮ್ಮ ಹಿಂದೆ ಕೂತಳು. ಶ್ರೀರಾಮಪ್ಪ ದಾರಿಯಲ್ಲಿ ಎತ್ತುಗಳನ್ನು ಪಕ್ಕಕ್ಕೆ ಹೊಡೆದು ಬಾಯಿ ಬಿಟ್ಟುಕೊಂಡು ನಿಂತ. ಕಾರು ಕೆರೆ ಏರಿಯ ಮೇಲೆ ರಾಜಗಾಂಭೀರ್ಯದಿಂದ ಓಡಿತು. ಕೆಮ್ಮಿಲ್ಲ, ದಮ್ಮಿಲ್ಲ. ತಾಮ್ರ ತಡೆದುಕೊಂಡಿತ್ತು!

"ನೋಡಿದ್ಯಾ ಅಮ್ಮಾ, ನನ್ನ ಕಾರು!"

ಮುದುಕಿ ಊದಿದ ಕೈಯನ್ನು ಮುಂದೆ ಚಾಚಿ, ಎಂಜಿನ್ ಕಡೆಯ ಬಿಸಿಯೇರುತ್ತಿದ್ದ ತಗಡಿನ ಮೇಲೆ ಇಟ್ಟಳು. ಒಲೆಯ ಮುಂದೆ ಕೂತವರು ಹಂಡೆ ಮುಟ್ಟಿ ನೋಡುವಂತೆ.

"ನೀರು ಕಾಯ್ತು" ಎಂದಳು.

"ಏನಮ್ಮಾ?"

"ನನ್ನ ಹಂಡೆ ಕಣೋ. ಚೆನ್ನಾಗಿ ಕಾದೈತೆ."

ಚಿಕ್ಕವೆಂಕಟಪ್ಪ ಗಕ್ಕನೆ ಅಮ್ಮನ ಕಡೆ ತಿರುಗಿದ, ಕಾರು ದಾರಿಯಲ್ಲೇ ಒಂದು ಸಲ ಓಲಾಡಿತು.

"ನೆಟ್ಟಗೆ ಹೊಡಿ, ಮೂದೇವಿ. ಹಂಡೆ ಕೊಯ್ದಿದ್ದು ಗೊತ್ತಾಗ್ದೆ ಇರೋಕೆ ನಾನೇನು ಸತ್ತಿದ್ನಾ? ಗೋಡೆ ಹಿಡ್ಕೊಂಡು ಹೋಗಿ ನೋಡ್ದೆ. ಎಂಥ ತೂತು ಮಾಡಿದ್ದೀಯೋ!" ಒಂದೊಂದು ಮಾತಿಗೂ ನಿಂತು ಉಸಿರು ಎಳೆದುಕೊಳ್ಳುತ್ತಿದ್ದಳು. "ಆಮೇಲೆ ಯೋಚಿಸ್ದೆ. ನನ್ನ ತವರು ಅದರೊಳಗೆ ಕೂತೈತೆ ಅಂದ್ಮೇಲೆ ನಂಗೇನು ಭಯ? ಬರೋವಾಗ ಹಂಡೇಲಿ ಕೂತು ಬಂದೆ. ಹೋಗೋವಾಗ್ಲೂ ಹಂಡೇಲೇ ಕೂತಿದ್ದೀನಿ..."

ಅವಳ ಭುಜ ಅಲುಗಿತು. ನಗುತ್ತಿದ್ದಾಳೆ ಎಂದುಕೊಂಡಳು ಕದಿರಮ್ಮ. ನಗುತ್ತಲೂ ಇದ್ದಳೋ ಏನೋ. ಕೋಲಾರದ ಮೊದಲ ಮನೆಗಳು ಕಾಣಿಸುವ ಹೊತ್ತಿಗೆ ತಗಡಿನ ಮೇಲಿದ್ದ ಕೈ ತಾನಾಗಿ ಜಾರಿ ಮಡಿಲಿಗೆ ಬಿತ್ತು.

"ಅತ್ತೆ? ಅತ್ತೆಮ್ಮಾ?"

ಕಾರು ಮಾತ್ರ ಓಡುತ್ತಲೇ ಇತ್ತು. ಜನ್ಮದಲ್ಲಿ ಮೊದಲ ಸಲ, ಒಂದೇ ಒಂದು ಸಲವೂ ನಿಲ್ಲದೆ, ಆಸ್ಪತ್ರೆಯ ಬಾಗಿಲಿಗೆ ಹೋಗಿ ಮುಟ್ಟಿತು. ಡಾಕ್ಟರು ಹೊರಗೆ ಬಂದು, ಕೈ ಹಿಡಿದು ನೋಡಿ, ಕನ್ನಡಕ ತೆಗೆದರು.

ಹಿಂತಿರುಗುವಾಗ ಯಾರೂ ಹಾರನ್ ಹೊಡೆಯಲಿಲ್ಲ.

ಮುಳಬಾಗಿಲ ಕಡೆಗೆ ಆಳು ಹೋಯಿತು. ಇಳಿಹೊತ್ತಿಗೆ ಮುದುಕಿಯ ತಮ್ಮ ದೊಡ್ಡನಾರಾಯಣಪ್ಪ ತವರಿನ ಸೀರೆ ಹಿಡಿದು ಬಸ್ಸಿಳಿದು ಬಂದ. ಬಿಳಿ ಮೀಸೆಯ ಆಜಾನುಬಾಹು. ಅಕ್ಕನ ಕಾಲ ಬಳಿ ಕೂತು ಮಗುವಿನಂತೆ ಅತ್ತ. ಆಮೇಲೆ ಮುಖ ಒರೆಸಿಕೊಂಡು ಎದ್ದ.

"ಹೊತ್ತು ಮುಳುಗೋದ್ರೊಳಗೆ ಮಣ್ಣಾಗಬೇಕು. ಹಂಡೇಲಿ ನೀರು ಕಾಯಿಸಿದ್ದೀರಾ? ಮೊದಲನೇ ಚೊಂಬು ನಂದು. ಅಕ್ಕ ಎಷ್ಟು ಸಲ ಹೇಳಿದ್ಳು."

ಚಿಕ್ಕವೆಂಕಟಪ್ಪ ನೆಲ ನೋಡಿದ.

"ಏಮಿರಾ, ಮಾತಾಡು. ಹಂಡೆ ಎಲ್ಲಿ?"

ಕದಿರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೊಡ ಎತ್ತಿಕೊಂಡು ನೇರವಾಗಿ ಕಾರಿನ ಹತ್ತಿರ ಹೋದಳು. ರೇಡಿಯೇಟರಿನ ಹಳೇ ನೀರು ಬಿಟ್ಟು, ಮುಚ್ಚಳ ತೆಗೆದು ಬಾವಿಯ ನೀರು ತುಂಬಿದಳು. ಆಮೇಲೆ ಗಂಡನ ಕಡೆ ತಿರುಗಿದಳು.

"ಹ್ಯಾಂಡಲ್ ತಗೊಳ್ರಿ. ಸ್ಟಾರ್ಟ್ ಮಾಡ್ರಿ."

"ಕದಿರೀ..."

"ಮಾಡ್ರಿ ಅಂದೆ! ಅತ್ತೆಗೆ ನೀರು ಕಾಯಬೇಕು."

ಚಿಕ್ಕವೆಂಕಟಪ್ಪ ಅಳುತ್ತಾ ಹ್ಯಾಂಡಲ್ ತಿರುಗಿಸಿದ. ಚಟ್ಟದ ಪಕ್ಕದಲ್ಲಿ ಕಾರು ಗುರ್ರೆನ್ನುತ್ತಾ ನಿಂತಿತು. ತಮಟೆಯವರು ಬಾರಿಸುವುದನ್ನು ಮರೆತರು. ಹೆಣವನ್ನು ಕಾರಿನಲ್ಲಿ ಒಯ್ಯುತ್ತಾರೆಂದು ಒಬ್ಬರು, ಕದಿರಮ್ಮನಿಗೆ ಮೈಮೇಲೆ ಬಂದಿದೆಯೆಂದು ಇನ್ನೊಬ್ಬರು. ಅವಳು ಮಾತ್ರ ಮುಚ್ಚಳದ ಮುಂದೆ ಒಲೆಯ ಮುಂದೆ ನಿಂತ ಹಾಗೆ ನಿಂತಿದ್ದಳು. ಆವಿ ಎದ್ದಾಗ ಎಂಜಿನ್ ನಿಲ್ಲಿಸಲು ಹೇಳಿ, ಕೆಳಗಿನ ಕೊಳಾಯಿ ತಿರುಗಿಸಿ ಚೊಂಬು ಹಿಡಿದಳು. ಕೆಂಪು ನೀರು. ತುಕ್ಕು, ಎಣ್ಣೆಯ ಜಿಡ್ಡು. ಎಲ್ಲಿ ಉಳಿದಿತ್ತೋ, ಸ್ವಲ್ಪ ಅಂಬಲಿಯ ವಾಸನೆ.

"ತಗೊಳ್ಳಿ ಮಾವ. ನಿಮ್ಮಕ್ಕನ ಹಂಡೆ ಈಗ ಇದರೊಳಗೈತೆ. ಅವರನ್ನ ಆಸ್ಪತ್ರೆಗೆ ಸೇರಿಸಬೇಕು ಅಂತ ನಿಮ್ಮಳಿಯ ಕೊಯ್ದು ಹಾಕಿದ್ರು. ಇದು ಅದೇ ತಾಮ್ರ ಮುಟ್ಟಿ ಕಾದ ನೀರು. ಅತ್ತೇನೂ ಕೈಯಿಟ್ಟು ನೋಡಿ, ಕಾದೈತೆ ಅಂದ್ರು."

ದೊಡ್ಡನಾರಾಯಣಪ್ಪ ಚೊಂಬನ್ನು ನೋಡಿದ. ಕಾರನ್ನು ನೋಡಿದ. ತಲೆ ತಗ್ಗಿಸಿ ನಿಂತ ಅಳಿಯನನ್ನು ನೋಡಿದ. ಮೀಸೆ ಅದುರಿತು. ಹೊಡೆಯುತ್ತಾನೆಂದುಕೊಂಡು ಚಿಕ್ಕವೆಂಕಟಪ್ಪ ಕೆನ್ನೆ ಸಿದ್ಧ ಮಾಡಿಕೊಂಡ. ದೊಡ್ಡನಾರಾಯಣಪ್ಪ ನೀರಿಗೆ ಬೆರಳದ್ದಿದ.

"ಬಿಸಿ ಜಾಸ್ತಿ ಆಯ್ತಮ್ಮ. ಅಕ್ಕನಿಗೆ ತಡೆಯಲ್ಲ. ಒಂಚೂರು ತಣ್ಣೀರು ಬೆರೆಸು."

ಬೆರೆಸಿದಳು. ಅವನು ಹೊಯ್ದ.

ತಿಥಿಯ ದಿನ ಪಿಂಡ ಇಟ್ಟು ಎಲ್ಲರೂ ದೂರ ನಿಂತರು. ಚಿಕ್ಕವೆಂಕಟಪ್ಪ ಆಕಾಶ ನೋಡುತ್ತಿದ್ದ. ಕಾಗೆ ಬಂತು. ಮೊದಲು ಕಾರಿನ ನೆತ್ತಿಯ ಮೇಲೆ ಕೂತು ಅತ್ತಿತ್ತ ನೋಡಿ, ಅಲ್ಲೇ ಗಲೀಜು ಮಾಡಿ, ಆಮೇಲೆ ಹಾರಿ ಬಂದು ಪಿಂಡ ಮುಟ್ಟಿತು.

"ಅಮ್ಮನೇ" ಎಂದು ಚಿಕ್ಕವೆಂಕಟಪ್ಪ ಕೈ ಮುಗಿದ. "ಸಂಶಯವೇ ಬೇಡ."

ಸೂತಕ ಕಳೆದು ಮನೆಮಂದಿಗೆಲ್ಲಾ ತಲೆಸ್ನಾನ. ನೆಂಟರಿಷ್ಟರು ತಲೆಗೆ ಎಣ್ಣೆ ಒತ್ತಿಕೊಂಡು, ಚೌಕ ಹೆಗಲಿಗೆ ಹಾಕಿಕೊಂಡು ಅಂಗಳದಲ್ಲಿ ಸಾಲಾಗಿ ನಿಂತಿದ್ದರು. ಬಚ್ಚಲಲ್ಲಿ ಕಿಟಕಿಯಿಟ್ಟ ಹಂಡೆ. ಕದಿರಮ್ಮ ಒಂದು ಬಕೆಟ್ಟು ತಂದು ಕಾರಿನ ಮೂತಿಯ ಕೆಳಗೆ ಇಟ್ಟು, ಗಂಡನ ಮುಖ ನೋಡಿದಳು. ಅವನು ಕೂಪನ್ನಿನ ಕೊನೆಯ ಪೆಟ್ರೋಲು ಹೊಯ್ದು, ಪಂಚೆ ಎತ್ತಿ ಕಟ್ಟಿ, ಹ್ಯಾಂಡಲ್ ಹಿಡಿದ.

ಸಾಲಿನ ಮೊದಲಿಗೇ ನಿಂತಿದ್ದ ದೊಡ್ಡನಾರಾಯಣಪ್ಪ ಎಣ್ಣೆ ಸುರಿಯುವ ಮೀಸೆ ಒರೆಸಿಕೊಂಡು ಕೇಳಿದ:

"ಏನೋ ಅಂತಿದ್ದೆಯಂತಲ್ಲೋ, ಊರೆಲ್ಲಾ ಹೇಳ್ತಾರೆ. ನಿನ್ನ ಕಾರು ಇರೋವರ್ಗೂ ಈ ಮನೇಲಿ ಯಾರೂ...?"

ಚಿಕ್ಕವೆಂಕಟಪ್ಪ ಬಗ್ಗಿದವನು ಬಗ್ಗಿದ ಹಾಗೇ, ಹ್ಯಾಂಡಲ್ ತಿರುಗಿಸುತ್ತಾ ಹೇಳಿದ:

"ತಣ್ಣೀರು ಸ್ನಾನ ಮಾಡಲ್ಲ, ಮಾವ."